ಒಂದೇ ಕೆನ್ನೆ ಊದಿದ ಕೋಳಿ

ನಮ್ಮ ಪಶು ಆಸ್ಪತ್ರೆಗೆ ಕೋಳಿ ಹಿಡಿದುಕೊಂಡು ಬರುವವರು ಅಪರೂಪ. ಎಮ್ಮೆ ಬರುತ್ತದೆ, ಎತ್ತು ಬರುತ್ತದೆ, ಕುರಿಗಳಂತೂ ಹಿಂಡುಹಿಂಡಾಗಿ ಬಂದು ಅಂಗಳದ ತುಂಬ ಹಿಕ್ಕೆ ಹಾಕಿ ಹೋಗುತ್ತವೆ. ಕೋಳಿ ಮಂಕಾದರೆ ಮಾತ್ರ ಜನ ಆಸ್ಪತ್ರೆಯ ಕಡೆ ನೋಡುವುದಿಲ್ಲ, ಒಲೆಯ ಕಡೆ ನೋಡುತ್ತಾರೆ. ಹಾಗಾಗಿ ಆ ಬೆಳಿಗ್ಗೆ ಒಬ್ಬಳು ಹಿರೇಹಡಗಲಿ ಕಡೆಯ ಬಸ್ಸಿಳಿದು ಬಂದು, ಬುಟ್ಟಿಯ ಮೇಲಿನ ಬಟ್ಟೆ ಸರಿಸಿ, ಕೆಂಚು ಬಣ್ಣದ ಹೇಂಟೆಯೊಂದನ್ನು ನನ್ನ ಮೇಜಿನ ಮೇಲೆ ಇಟ್ಟಾಗ ನಾನು ಮೊದಲು ನೋಡಿದ್ದು ಕೋಳಿಯನ್ನಲ್ಲ, ಅವಳನ್ನು.

ಇನ್ನೂ ಚಿಕ್ಕ ವಯಸ್ಸಿನ ಸೊಸೆ. ಸೆರಗು ಮುಚ್ಚಿದ್ದರೂ ಬಸುರಿ ಎಂದು ಕಾಣುತ್ತಿತ್ತು. ಕಣ್ಣಿನ ಕೆಳಗಿನ ರೆಪ್ಪೆ ಬಿಳಿಚಿಕೊಂಡಿತ್ತು. ಕುರಿಯ ರೆಪ್ಪೆ ಎಳೆದು ಮೈಯಲ್ಲಿ ರಕ್ತ ಎಷ್ಟಿದೆ ಎಂದು ನೋಡುವುದು ನನ್ನ ದಿನದ ಕೆಲಸ. ಆ ಚಾಳಿ ಮನುಷ್ಯರ ಮುಂದೆಯೂ ಬಿಡುವುದಿಲ್ಲ.

"ಒಂದೇ ಒಂದು ಮಾತು ಹೇಳ್ರಿ ಮೇಡಂ, ಇದು ಅಂಟುರೋಗ ಹೌದೋ, ಅಲ್ಲೋ?" ಎಂದಳು.

ಮೈ ಮುಟ್ಟುವುದಕ್ಕೆ ಮುಂಚೆಯೇ ತೀರ್ಪು ಕೇಳುವವರನ್ನು ಕಂಡರೆ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ಮೊದ್ಲು ಕೋಳಿ ನೋಡಾಕ ಬಿಡವ್ವ, ಆಮ್ಯಾಲ ಹೇಳ್ತೀನಿ," ಎಂದೆ.

ಅವಳು ಸುಮ್ಮನಾಗಲಿಲ್ಲ. ಕೋಳಿಯನ್ನು ಹಿಡಿದುಕೊಂಡೇ ಎಲ್ಲ ಹೇಳಿದಳು. ಗಂಡ ಮತ್ತು ಮಾವ ಕುರಿ ಹೊಡೆದುಕೊಂಡು ಮೇವಿರುವ ಸೀಮೆಗೆ ಹೋಗಿದ್ದಾರೆ. ಮನೆಯಲ್ಲಿ ಅತ್ತೆ ಮತ್ತು ತಾನು ಇಬ್ಬರೇ. ಮದುವೆಯಾಗಿ ಬರುವಾಗ ಚಿಗಟೇರಿ ಕಡೆಯ ತವರಿನಿಂದ ಒಂದು ಹೇಂಟೆ ತಂದಿದ್ದಳು, ಅದೇ ಇದು, ಹೆಸರು ಕೆಂಚಿ. ಅದರ ಮರಿಗಳು, ಮರಿಗಳ ಮರಿಗಳು ಎಲ್ಲ ಸೇರಿ ಈಗ ಅಂಗಳದಲ್ಲಿ ಇಪ್ಪತ್ತರ ಹತ್ತಿರ ಕೋಳಿಗಳಿವೆ. ಹೋದ ವರ್ಷ ಕೊಕ್ಕರೆ ರೋಗ ಬಂದು ಓಣಿಯ ಕೋಳಿಯೆಲ್ಲ ಸತ್ತಿದ್ದವು. ರೋಗದ ಸುದ್ದಿ ಕೇಳಿದ ಕೂಡಲೇ ಇವಳು ತನ್ನವನ್ನು ತವರಿಗೆ ಸಾಗಿಸಿದ್ದರಿಂದ ಅವು ಉಳಿದವು. ಈಗ ಈ ಕೋಳಿಯ ಮುಖ ಊದಿದ್ದನ್ನು ನೋಡಿ ಓಣಿಯವರಿಗೆಲ್ಲ ಎದೆ ನಡುಗಿದೆ. ಮುಂದಿನ ಸಂತೆ ದಿನದೊಳಗೆ ಇದು ಅಂಟುರೋಗ ಅಲ್ಲ ಎಂದು ಡಾಕ್ಟರ ಬಾಯಿಂದ ಹೇಳಿಸದಿದ್ದರೆ ಅವಳ ಅಷ್ಟೂ ಕೋಳಿಗಳನ್ನು ಕೊಂದು ಹೂಳಬೇಕೆಂದು ಕಟ್ಟಪ್ಪಣೆ ಮಾಡಿದ್ದಾರೆ.

"ಕುರಿ ನಮ್ಮ ಮನೆಯವರವು. ಹೊಲ ಮಾವಂದು. ಕೋಳಿ ಮಾತ್ರ ನಂದು ಐತೆ ನೋಡ್ರಿ," ಎಂದಳು. ಐತಿ ಎನ್ನುವ ಊರಿಗೆ ಬಂದು ಎಷ್ಟು ದಿನವಾಗಿದ್ದರೂ ಹರಪನಹಳ್ಳಿ ಕಡೆಯ ಐತೆ ಇನ್ನೂ ಅವಳ ಬಾಯಿಂದ ಹೋಗಿರಲಿಲ್ಲ. ನನ್ನ ಸಿಟ್ಟು ಅರ್ಧ ಇಳಿಯಿತು.

ಕೈಗವಸು ಹಾಕಿಕೊಂಡು, ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ಅವಳನ್ನು ದೂರದ ಬೆಂಚಿನ ಮೇಲೆ ಕೂರಿಸಿ ಪರೀಕ್ಷೆ ಶುರು ಮಾಡಿದೆ. ಕೋಳಿ ತನಗೇನಾಗಿದೆ ಎಂದು ಹೇಳುವುದಿಲ್ಲ. ಅಷ್ಟೇ ಅಲ್ಲ, ಏನೂ ಆಗಿಲ್ಲವೆಂದು ನಟಿಸುತ್ತದೆ. ಮಂಕಾಗಿ ಕಾಣುವ ಹೊತ್ತಿಗೆ ಕಾಯಿಲೆ ಬಹಳ ದೂರ ಹೋಗಿರುತ್ತದೆ. ಆದ್ದರಿಂದ ಕೈಯೇ ಎಲ್ಲವನ್ನೂ ಹುಡುಕಬೇಕು. ಎದೆಯ ಮೂಳೆ ಚೂಪಾಗಿ ಕೈಗೆ ಸಿಗುತ್ತಿತ್ತು, ಎಂದರೆ ಸೊರಗಿದೆ. ಕೊರಳ ಚೀಲದಲ್ಲಿ ಜೋಳದ ಕಾಳು ಸ್ವಲ್ಪವೇ ಇತ್ತು, ಎಂದರೆ ತಿನ್ನುತ್ತಿದೆ, ಆದರೆ ಸಾಲದು. ಕತ್ತು ತಿರುಚಿರಲಿಲ್ಲ, ರೆಕ್ಕೆ ಜೋತುಬಿದ್ದಿರಲಿಲ್ಲ, ಹಿಕ್ಕೆ ಹಸಿರಾಗಿರಲಿಲ್ಲ. ಕೊಕ್ಕರೆ ರೋಗವನ್ನು ಅಲ್ಲಿಗೆ ಬದಿಗಿಟ್ಟೆ. ಜುಟ್ಟಿನ ಮೇಲೆ ಹಕ್ಕಳೆಯಿಲ್ಲ, ಹಾಗಾಗಿ ಸಿಡುಬೂ ಅಲ್ಲ. ಜುಟ್ಟು ನೀಲಿಗಟ್ಟಿರಲಿಲ್ಲ, ಓಣಿಯಲ್ಲಿ ಒಂದು ಕೋಳಿಯೂ ಸತ್ತಿರಲಿಲ್ಲ. ಎಲ್ಲರ ಬಾಯಲ್ಲಿರುವ ಹಕ್ಕಿಜ್ವರ ಹೀಗೆ ಒಂದೇ ಕೋಳಿಯನ್ನು ಹಿಡಿದುಕೊಂಡು ಕೂರುವುದಿಲ್ಲ.

ಉಳಿದದ್ದು ಮುಖ. ಬಲಗಣ್ಣಿನ ಕೆಳಗೆ ಅಡಿಕೆಯಷ್ಟು ಗಾತ್ರದ ಊತ. ರೆಪ್ಪೆ ಅಂಟಿಕೊಂಡಿತ್ತು. ಬಲ ಹೊಳ್ಳೆಯಿಂದ ಕೀವು ಇಳಿದು ಒಣಗಿ ಗಟ್ಟಿಯಾದ ಹಕ್ಕು ಕಟ್ಟಿತ್ತು. ವಾಸನೆ ಮಾಸ್ಕ್ ದಾಟಿ ಬರುತ್ತಿತ್ತು. ನನ್ನ ಮನಸ್ಸಿಗೆ ತಕ್ಷಣ ಬಂದದ್ದು ಕೋಳಿಗಳ ಅಂಟು ನೆಗಡಿ. ಮುಖ ಊದುತ್ತದೆ, ಮೂಗು ಸೋರುತ್ತದೆ, ಕೆಟ್ಟ ವಾಸನೆ ಬರುತ್ತದೆ, ಒಂದೇ ನೀರಿನ ಬಟ್ಟಲಿನಿಂದ ಎಲ್ಲಕ್ಕೂ ಹಬ್ಬುತ್ತದೆ.

ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ಆ ಒಂದು ಮಾತು ನನಗಿಂತ ಮುಂಚೆ ಅವಳ ಓಣಿ ಸೇರುತ್ತಿತ್ತು. ಮೂಗಿನ ದ್ರವವನ್ನು ಹತ್ತಿಗೆ ತೆಗೆದು ಜಿಲ್ಲೆಯ ಪ್ರಯೋಗಾಲಯಕ್ಕೆ ಕಳಿಸಲು ಕಟ್ಟಿಟ್ಟೆ. ಹಕ್ಕನ್ನು ಮೇಲಿಂದ ಒರೆಸಿ, ಕಣ್ಣು ತೊಳೆದು, ಆಂಟಿಬಯೋಟಿಕ್ ಕೊಟ್ಟೆ. "ಇದನ್ನ ಬ್ಯಾರೆ ಬುಟ್ಟಿ ಕೆಳಗ ಇಡು. ನೀ ಮುಟ್ಟಬ್ಯಾಡ, ಅತ್ತಿಗೆ ಹೇಳು. ನಾಳೆ ನಾನಾ ಬಂದು ಉಳಿದವನ್ನ ನೋಡ್ತೀನಿ. ಅಲ್ಲೀತನಕ ಯಾರಾದರೂ ಕೇಳಿದ್ರ, ಡಾಕ್ಟ್ರು ಇನ್ನೂ ನೋಡಾಕ ಹತ್ಯಾರ ಅನ್ನು," ಎಂದು ಕಳಿಸಿದೆ.

ಮರುದಿನ ಸ್ಕೂಟರ್ ಮೇಲೆ ಹೋದೆ. ದಾರಿಯುದ್ದಕ್ಕೂ ಮಲ್ಲಿಗೆ ತೋಟಗಳಲ್ಲಿ ಹೆಂಗಸರು ಮೊಗ್ಗು ಬಿಡಿಸುತ್ತಿದ್ದರು. ಓಣಿಗೆ ತಿರುಗುವಾಗಲೇ ಜನ ಬಾಗಿಲಿಗೆ ಬಂದು ನಿಂತರು. ನಾನು ಬಂದದ್ದೇ ರೋಗಕ್ಕೆ ಸಾಕ್ಷಿ ಎಂಬಂತೆ ಇತ್ತು ಅವರ ನೋಟ.

ಅತ್ತೆ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಗಟ್ಟಿ ಆಳು, ಮಾತು ಕಡಿಮೆ. ನನ್ನನ್ನು ನೋಡಿ, "ಬರ್ರಿ," ಎಂದಳು, ಅಷ್ಟೇ. ಅತ್ತೆ ಸೊಸೆ ಜಗಳವಾಡುವವರಲ್ಲ ಎಂಬುದು ಸ್ವಲ್ಪ ಹೊತ್ತಿನಲ್ಲೇ ತಿಳಿಯಿತು. ಆದರೆ ಮಾತಾಡುವವರೂ ಅಲ್ಲ. ಒಬ್ಬಳಿಗೆ ಹೇಳಬೇಕಾದದ್ದನ್ನು ಇನ್ನೊಬ್ಬಳು ನನ್ನ ಕಡೆ ತಿರುಗಿ ಹೇಳುತ್ತಿದ್ದಳು.

ಅಂಗಳದ ಮೂಲೆಯಲ್ಲಿ ನಿಂತು ಕೋಳಿಗಳನ್ನು ಸುಮ್ಮನೆ ನೋಡಿದೆ. ಕೋಳಿ ಹಿಡಿದು ಪರೀಕ್ಷಿಸುವುದಕ್ಕಿಂತ ಮುಂಚೆ ಅವು ತಮ್ಮ ಪಾಡಿಗೆ ಇರುವುದನ್ನು ನೋಡಬೇಕು. ಹುಂಜ ಗತ್ತಿನಲ್ಲಿ ಓಡಾಡುತ್ತಿತ್ತು. ಮರಿಗಳು ತಿಪ್ಪೆ ಕೆದರುತ್ತಿದ್ದವು. ಎಲ್ಲವೂ ಒಂದೇ ಒಡೆದ ಮಡಕೆಯ ಚೂರಿನಲ್ಲಿ ನೀರು ಕುಡಿಯುತ್ತಿದ್ದವು. ಒಂದು ಕರಿ ಹೇಂಟೆ ಮಾತ್ರ ಆಗಾಗ ತಲೆ ಕೊಡವಿ, ಕಾಲಿನಿಂದ ಮೂಗು ಕೆರೆದುಕೊಳ್ಳುತ್ತಿತ್ತು. ಹಿಡಿದು ನೋಡಿದೆ. ಊತ ಇರಲಿಲ್ಲ. ಆದರೂ ನನ್ನೊಳಗೆ ಒಂದು ಅಳುಕು ಹುಟ್ಟಿತು.

ಎದುರು ಮನೆಯವನು ಟವೆಲು ಕೊಡವುತ್ತಾ ಬಂದ. ಓಣಿಯ ಪರವಾಗಿ ಮಾತಾಡುವವನು ಅವನೇ ಎಂದು ಸೊಸೆ ಮೊದಲೇ ಹೇಳಿದ್ದಳು. ಕೆಟ್ಟ ಮನುಷ್ಯ ಅಲ್ಲ. "ಹೋದ ವರ್ಸ ನನ್ನ ಮನ್ಯಾಗ ಒಂದೂ ಉಳೀಲಿಲ್ರಿ. ಮುಂಜಾನೆ ಬುಟ್ಟಿ ತೆಗದ್ರ ಎಲ್ಲಾ ಕಾಲು ಚಾಚಿ ಮಲಗಿದ್ವು. ಈಗ ಮತ್ತ ತಂದು ಬೆಳಸೀನಿ. ಆಕಿ ಕೋಳಿ ಮ್ಯಾಲ ನನಗೇನೂ ಹಗಿ ಇಲ್ಲ. ಆದ್ರ ಒಂದು ಮನಿ ಕೋಳಿ ಉಳಸಾಕ ಹೋಗಿ ಓಣಿ ಕೋಳಿ ಎಲ್ಲಾ ಕಳಕೊಳ್ಳೂದು ಯಾವ ನ್ಯಾಯ, ನೀವಾ ಹೇಳ್ರಿ," ಎಂದ.

ಹುಷಾರಿನ ದಾರಿ ಹಿಡಿದೆ. ಎಲ್ಲ ಕೋಳಿಗಳ ನೀರಿಗೂ ಔಷಧ ಹಾಕಿಸಿದೆ, ಅಂಗಳ ಬಿಟ್ಟು ಹೊರಗೆ ಬಿಡಬಾರದೆಂದೆ. ಹೊರಡುವಾಗ ರೂಢಿಯಂತೆ, "ಔಷಧ ನಿಲ್ಲಿಸಿದ ಮ್ಯಾಲೂ ಹತ್ತು ಹನ್ನೆರಡು ದಿನ ಇವುಗಳ ತತ್ತಿ ಯಾರೂ ತಿನ್ನಬಾರ್ದು," ಎಂದು ಸೇರಿಸಿದೆ.

ಅಲ್ಲಿಯ ತನಕ ತಲೆ ಎತ್ತದ ಅತ್ತೆ ಶೇಂಗಾ ಕೈಬಿಟ್ಟಳು. "ತತ್ತಿ ತಿನ್ನಬಾರ್ದಾ?"

"ಬ್ಯಾಡ. ಔಷಧದ ಅಂಶ ತತ್ತ್ಯಾಗ ಇರತೈತಿ. ಬಸುರಿ ಬ್ಯಾರೆ ಅದಾಳ ಮನ್ಯಾಗ."

"ಎಲ್ಲಾ ಕೋಳೀದೂ?"

"ಎಲ್ಲಾ ಕೋಳೀದೂ."

"ಇಲ್ಲಿ ತತ್ತಿ ತಿನ್ನೋರು ಯಾರದಾರೆ ಬಿಡ್ರಿ, ಎಲ್ಲಾ ಕಾವಿಗೇ ಇಡ್ತೀನಿ ನಾನು," ಎಂದು ಸೊಸೆ ನಕ್ಕಳು. ಅತ್ತೆ ನಗಲಿಲ್ಲ. ನಾನು ಸ್ಕೂಟರ್ ಚಾಲೂ ಮಾಡುವಾಗ ಹತ್ತಿರ ಬಂದು ಎಷ್ಟು ದಿನ ಎಂದು ಮತ್ತೊಮ್ಮೆ ಕೇಳಿದಳು. ಮುದುಕಿಗೆ ಮೊಟ್ಟೆಯ ಚಪಲ ಇರಬೇಕು ಎಂದುಕೊಂಡು ಸ್ವಲ್ಪ ಬಿರುಸಾಗಿಯೇ ಉತ್ತರ ಕೊಟ್ಟೆ.

ಔಷಧ ಕೆಲಸ ಮಾಡಿತು. ಎರಡು ದಿನದಲ್ಲಿ ಊತ ಇಳಿಯಿತು, ಕಣ್ಣು ತೆರೆಯಿತು. ಸೊಸೆ ಫೋನಿನಲ್ಲಿ ಒಂದೇ ಸಮನೆ ಖುಷಿಯಿಂದ ಮಾತಾಡಿದಳು. ಕೆಂಚಿ ಜೋಳಕ್ಕೆ ಬುಟ್ಟಿ ಎತ್ತಿಹಾಕುತ್ತಿದೆಯಂತೆ, ಹುಂಜನ ಮೇಲೆ ಸಿಟ್ಟು ಮಾಡುತ್ತಿದೆಯಂತೆ. ಸಂತೆ ಬಂತು, ಹೋಯಿತು. ಓಣಿಯವರು ಸುಮ್ಮನಿದ್ದರು. ನಾನೂ ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡು ಕುರಿಗಳ ಲಸಿಕೆಯ ಕಡೆ ತಿರುಗಿದೆ.

ಔಷಧ ಮುಗಿದು ಕೆಲವೇ ದಿನಗಳಲ್ಲಿ ಮತ್ತೆ ಫೋನ್. ಈ ಸಲ ಅವಳ ದನಿಯೇ ಬೇರೆ. "ಮೇಡಂ, ಮತ್ತೆ ಊದೈತೆ. ಕರಿದಕ್ಕೂ ಊದೈತೆ."

ಅವಳ ಹಿಂದೆ ಜನರ ಮಾತು ಕೇಳಿಸುತ್ತಿತ್ತು. ಎದುರು ಮನೆಯವನು ಫೋನ್ ತೆಗೆದುಕೊಂಡ. "ಒಂದಿದ್ದದ್ದು ಎರಡಾತ್ರಿ. ಇನ್ನ ಕಾಯಾಕಾಗೂದಿಲ್ಲ. ನಾಳೆ ಹೊತ್ತು ಏರೂದ್ರಾಗ ನೀವು ಬಂದು ಏನಾರ ಹೇಳ್ರಿ. ಇಲ್ಲಂದ್ರ ನಾವು ಕುಣಿ ತೋಡ್ತೀವಿ," ಎಂದ. ದನಿ ಏರಿಸಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಪ್ರಯೋಗಾಲಯದ ಉತ್ತರಕ್ಕೆ ಇನ್ನೂ ಕಾಯಬೇಕಿತ್ತು. ಹಿರಿಯ ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿಕೊಂಡು, ಎರಡರಲ್ಲಿ ಒಂದನ್ನು ಕೊಯ್ದು ಒಳಗೆ ನೋಡು, ಹಿಂಡಿನ ಕಾಯಿಲೆಯಾದರೆ ಅದೇ ಸರಿಯಾದ ದಾರಿ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಪುಸ್ತಕದಲ್ಲಿ ಇರುವುದೂ ಹಾಗೇ. ಹಿಂಡು ಉಳಿಸಲು ಒಂದನ್ನು ಕೊಡಬೇಕು. ಯಾವುದನ್ನು ಎಂಬುದೂ ಸ್ಪಷ್ಟವಿತ್ತು. ಹೆಚ್ಚು ದಿನದಿಂದ ನರಳುತ್ತಿರುವುದು ಕೆಂಚಿ.

ಮರುದಿನ ಬೆಳಿಗ್ಗೆ ಕತ್ತರಿ, ಚಾಕು, ಕೊಯ್ದಾಗ ಬೇಕಾಗುವ ಬಾಟಲಿಗಳನ್ನು ಡಬ್ಬಿಗೆ ತುಂಬಿಕೊಂಡು ಹೊರಟೆ. ದಾರಿಯಲ್ಲಿ ಮನಸ್ಸು ಮಾತ್ರ ಒಪ್ಪಲಿಲ್ಲ. ಅಂಟು ನೆಗಡಿ ಎಂದರೆ ಒಂದು ವಾರದಲ್ಲಿ ಅರ್ಧ ಅಂಗಳ ಸೀನಬೇಕಿತ್ತು. ಇಲ್ಲಿ ಎಲ್ಲ ಒಂದೇ ಬಟ್ಟಲಿನಲ್ಲಿ ಕುಡಿಯುತ್ತಿದ್ದರೂ ಎರಡಕ್ಕೆ ಮಾತ್ರ ಬಂದಿದೆ. ಎಳೆ ಮರಿಗಳಿಗೆ ಏನೂ ಆಗಿಲ್ಲ. ಅಂಟು ನೆಗಡಿ ಸಾಮಾನ್ಯವಾಗಿ ಮುಖವನ್ನೆಲ್ಲ ಊದಿಸುತ್ತದೆ. ಕೆಂಚಿಗೆ ಒಂದೇ ಕೆನ್ನೆ, ಕರಿದಕ್ಕೂ ಒಂದೇ ಕೆನ್ನೆ ಎಂದು ಫೋನಿನಲ್ಲೇ ಕೇಳಿ ತಿಳಿದಿದ್ದೆ. ಎಲ್ಲಕ್ಕಿಂತ ಹೆಚ್ಚಾಗಿ, ಔಷಧ ಇರುವ ತನಕ ಇಳಿದು, ನಿಂತ ಕೂಡಲೇ ಏರಿದೆ. ಎತ್ತಿನ ಗೊರಸಿನಲ್ಲಿ ಮುಳ್ಳು ಮುರಿದು ಉಳಿದಾಗ ಹೀಗೇ ಆಗುತ್ತದೆ. ಕೀವು ಒಣಗುತ್ತದೆ, ಮತ್ತೆ ಬರುತ್ತದೆ. ಮುಳ್ಳು ತೆಗೆಯುವ ತನಕ ಬರುತ್ತಲೇ ಇರುತ್ತದೆ.

ಓಣಿ ಸೇರುವ ಹೊತ್ತಿಗೆ ನಿರ್ಧಾರ ಮಾಡಿದ್ದೆ. ಕೊಯ್ಯುವ ಮೊದಲು, ಜೀವ ಇರುವಾಗಲೇ, ಆ ಮೂಗನ್ನು ಪೂರ್ತಿ ತೆರೆದು ನೋಡಬೇಕು. ಏನೂ ಸಿಗದಿದ್ದರೆ ಚಾಕು ಇದ್ದೇ ಇದೆ.

ಎದುರು ಮನೆಯವನು ಮತ್ತು ನಾಲ್ಕೈದು ಜನ ಹಾರೆ ಹಿಡಿದು ಅಂಗಳದ ಹೊರಗೆ ನಿಂತಿದ್ದರು. ಸೊಸೆ ಬಾಗಿಲಿಗೆ ಒರಗಿ ನಿಂತಿದ್ದಳು. ಅತ್ತು ಅತ್ತು ಮುಖ ಕೆಂಪಾಗಿತ್ತು. ನನ್ನ ಡಬ್ಬಿ ನೋಡಿದವಳೇ, "ಕೊಯ್ತೀರಾ?" ಎಂದಳು.

"ಮೊದ್ಲು ನೋಡ್ತೀನಿ," ಎಂದೆ. "ಒಂದು ತಾಸು ಕೊಡ್ರಿ," ಎಂದು ಹೊರಗಿನವರಿಗೂ ಹೇಳಿದೆ. ಅವರು ಹಾರೆ ಗೋಡೆಗೆ ಒರಗಿಸಿದರು.

ಕೋಳಿ ಹಿಡಿಯಲು ಒಬ್ಬರು ಬೇಕಿತ್ತು. ಸೊಸೆ ಮುಂದೆ ಬಂದಳು. ರೋಗ ಏನೆಂದು ಗೊತ್ತಾಗುವ ತನಕ ಅವಳು ಮುಟ್ಟುವುದು ಬೇಡ ಎಂದು ತಡೆದೆ. "ನೀವು ಬರ್ರಿ," ಎಂದು ಅತ್ತೆಯನ್ನು ಕರೆದೆ.

ಅತ್ತೆ ಕೂಡಲೇ ಏಳಲಿಲ್ಲ. "ನನಗ ಕೈ ನಡುಗ್ತಾವ್ರಿ," ಎಂದಳು. ಮೊನ್ನೆ ಶೇಂಗಾ ಸುಲಿಯುವಾಗ ನಡುಗದಿದ್ದ ಕೈ. ನಾನು ಬಿಡಲಿಲ್ಲ. ಅವಳ ಕೈಗೂ ಗವಸು ಹಾಕಿಸಿ, ಮುಖಕ್ಕೆ ಬಟ್ಟೆ ಕಟ್ಟಿಸಿ, ಕೆಂಚಿಯನ್ನು ಹಳೆ ಸೀರೆಯ ತುಂಡಿನಲ್ಲಿ ಕೂಸಿನ ಹಾಗೆ ಸುತ್ತಿ ಅವಳ ತೊಡೆಯ ಮೇಲೆ ಇಟ್ಟೆ.

ಬಿಸಿನೀರಿಗೆ ಉಪ್ಪು ಹಾಕಿ, ಹತ್ತಿ ಅದ್ದಿ, ಹೊಳ್ಳೆಯ ಮೇಲೆ ಒಣಗಿದ ಕೀವಿಗೆ ಇಟ್ಟು ಕಾಯುವುದು, ಒರೆಸುವುದು, ಮತ್ತೆ ಇಡುವುದು. ಅವಸರ ಮಾಡಿದರೆ ರಕ್ತ ಬರುತ್ತದೆ, ಆಮೇಲೆ ಏನೂ ಕಾಣುವುದಿಲ್ಲ. ಕೆಂಚಿ ಮೊದಲು ಒದ್ದಾಡಿತು, ಆಮೇಲೆ ಬಿಸಿ ಹಿತವಾಯಿತೋ ಏನೋ, ತೆಪ್ಪಗಾಯಿತು. ಹಕ್ಕು ಪದರು ಪದರಾಗಿ ಬಿಟ್ಟು ಬಂತು. ಆಸ್ಪತ್ರೆಯಲ್ಲಿ ನಾನು ಮೇಲಿನ ಪದರು ಮಾತ್ರ ಒರೆಸಿದ್ದೆ. ಕೆಳಗೆ ಅದು ಮೂಗಿನ ಒಳಗಿನ ತನಕ ಗಟ್ಟಿಯಾಗಿತ್ತು. ಕೊನೆಗೆ ಹೊಳ್ಳೆ ತೆರೆಯಿತು. ಸೊಸೆ ದೂರದಿಂದಲೇ ಮೊಬೈಲ್ ಟಾರ್ಚ್ ಹಿಡಿದಳು. ಸಣ್ಣ ಚಿಮಟವನ್ನು ಒಳಗೆ ಇಳಿಸಿದೆ.

ತುದಿಗೆ ಗಟ್ಟಿಯಾದದ್ದು ತಾಗಿತು. ಮೂಳೆಯಲ್ಲ, ಮೂಳೆ ಅಲುಗುವುದಿಲ್ಲ. ಇದು ಅಲುಗಿತು. ಹಿಡಿದು ನೇರವಾಗಿ ಎಳೆದೆ. ಮೊದಲು ಜಾರಿತು. ಎರಡನೇ ಸಲ ಬಂತು, ಹಿಂದೆಯೇ ಕೀವಿನ ಗಡ್ಡೆ ಒಂದು ಬಂತು. ಕೆಂಚಿ ತಲೆ ಕೊಡವಿ ಜೋರಾಗಿ ಸೀನಿತು.

ಹತ್ತಿಯಲ್ಲಿ ಒರೆಸಿದೆ. ಕಡ್ಡಿಯಂಥದ್ದು, ಟೊಳ್ಳು, ಕಂದು ಬಣ್ಣಕ್ಕೆ ತಿರುಗಿದ್ದು. ರೆಕ್ಕೆಯ ಗರಿಯ ದಿಂಡು. ಎರಡೂ ತುದಿ ಕತ್ತರಿಯಿಂದ ಕತ್ತರಿಸಿದ ಹಾಗೆ ನೆಟ್ಟಗಿದ್ದವು.

ಕರಿ ಹೇಂಟೆಯನ್ನೂ ತರಿಸಿ ಅದೇ ಕೆಲಸ ಮಾಡಿದೆ. ಅದರ ಮೂಗಿನಲ್ಲೂ ಅದೇ ಸಿಕ್ಕಿತು.

ಕೊಟ್ಟೂರಿನಲ್ಲಿ ಬೆಳೆದವಳು ನಾನು. ಕಾವಿಗೆ ಕೂತ ಕೋಳಿಯನ್ನು ಎಬ್ಬಿಸುವುದು ಹೇಗೆಂದು ನಮ್ಮಜ್ಜಿಯ ಅಂಗಳದಲ್ಲೇ ನೋಡಿದ್ದೆ. ಕಾವು ಬಂದ ಕೋಳಿ ಗೂಡು ಬಿಟ್ಟು ಏಳುವುದಿಲ್ಲ, ಮೊಟ್ಟೆ ಇಡುವುದಿಲ್ಲ. ಮರಿ ಬೇಡ, ಮೊಟ್ಟೆ ಬೇಕು ಎನ್ನುವವರು ಅದನ್ನು ನೀರಿಗೆ ಅದ್ದುತ್ತಾರೆ, ಅಥವಾ ಅದರದೇ ಒಂದು ಗರಿಯನ್ನು ಮೂಗಿನಲ್ಲಿ ತೂರಿಸುತ್ತಾರೆ. ಕೋಳಿಯ ಎರಡು ಹೊಳ್ಳೆಗಳ ನಡುವೆ ಮುಂದುಗಡೆ ಪೂರ್ತಿ ಗೋಡೆಯಿಲ್ಲ. ಈ ಕಡೆ ಹಾಕಿದ ಗರಿ ಆ ಕಡೆ ಬರುತ್ತದೆ. ಮೀಸೆ ಬಂದ ಹಾಗೆ ಕಾಣುವ ಆ ಗರಿಯನ್ನು ಕಿತ್ತುಕೊಳ್ಳುವ ಗಡಿಬಿಡಿಯಲ್ಲಿ ಕೋಳಿ ಕಾವು ಮರೆಯುತ್ತದೆ. ಆಮೇಲೆ ಎಳೆದು ಬಿಸಾಡುತ್ತಾರೆ. ಆ ಕೋಳಿಯ ಪಾಡು ನೋಡಲಾರದೆ ಆಗಲೇ ನಾನು ಅಜ್ಜಿಯ ಜೊತೆ ಜಗಳವಾಡುತ್ತಿದ್ದೆ. ಆದರೆ ಗರಿಯ ಎರಡೂ ತುದಿ ಕತ್ತರಿಸುವುದನ್ನು ಎಲ್ಲೂ ನೋಡಿರಲಿಲ್ಲ. ಕತ್ತರಿಸಿದರೆ ಹಿಡಿದು ಎಳೆಯಲು ಏನೂ ಉಳಿಯುವುದಿಲ್ಲ, ತುಂಡು ಒಳಗೆ ಜಾರಿಬಿಡುತ್ತದೆ. ಗರಿ ಯಾರ ಕಣ್ಣಿಗೂ ಬೀಳಬಾರದು ಎನ್ನುವವರು ಮಾತ್ರ ಕತ್ತರಿಸುತ್ತಾರೆ.

"ಇವೆರಡೂ ಕಾವಿಗೆ ಕೂತಿದ್ವೇನು?" ಎಂದು ಸೊಸೆಯನ್ನು ಕೇಳಿದೆ.

"ಕೂತಿದ್ವು ರೀ. ನಾನೇ ತತ್ತಿ ಜೋಡಿಸಿ ಕೂರಿಸಿದ್ದೆ. ಮೂರ್ನಾಕು ದಿನಕ್ಕೇ ಎದ್ದುಬಿಟ್ವು, ತತ್ತಿ ಎಲ್ಲಾ ಕೊಳೆತು ಹೋದ್ವು. ಸೆಕೆಗೆ ಎದ್ದಿರಬೇಕು ಅಂದ್ಕೊಂಡೆ," ಎಂದಳು. ಅವಳ ಕಣ್ಣು ಚಿಮಟದ ತುದಿಯಲ್ಲಿದ್ದ ಗರಿಯ ಮೇಲೆ ಇತ್ತು. ಆ ಮನೆಯಲ್ಲಿ ಇದ್ದವರು ಇಬ್ಬರೇ. ಅವಳಿಗೂ ತಿಳಿಯಿತು. ಅತ್ತೆ ಕರಿ ಹೇಂಟೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದುಕೊಂಡು ತಲೆ ತಗ್ಗಿಸಿ ಕೂತಿದ್ದಳು.

ನಾನು ಕೈ ಕೆಲಸ ಮುಗಿಸಿದೆ. ಊತದ ಕೆಳಗೆ ಸಣ್ಣಗೆ ಕುಯ್ದು ಉಳಿದ ಕೀವಿನ ಗಡ್ಡೆ ತೆಗೆದು, ಅಯೋಡಿನ್ ನೀರಿನಿಂದ ತೊಳೆದೆ. ಕೆಂಚಿಯ ಕಣ್ಣು ಉಳಿಯುತ್ತದೆ ಎನಿಸಿತು. ಕೋಳಿಗಳು ಗೆದ್ದವು ಎಂದು ಕುಣಿದಾಡಬೇಕಾದ ಹೊತ್ತು ಅದು. ಆದರೆ ಹೊರಗೆ ಹೋಗಿ ಏನು ಹೇಳುವುದು? ಓಣಿಯವರಿಗೆ ನಿಜ ಹೇಳಿದರೆ ಈ ಹೆಂಗಸು ನಾಳೆಯಿಂದ ನೀರಿಗೆ ಹೋಗುವಾಗಲೂ ತಲೆ ತಗ್ಗಿಸಬೇಕು. ಸೊಸೆಯ ಕೋಳಿಗೆ ಕಳ್ಳತನದಲ್ಲಿ ಗರಿ ಚುಚ್ಚಿದ ಅತ್ತೆ ಎಂಬ ಹೆಸರು ಹಳ್ಳಿಯಲ್ಲಿ ಅಳಿಯುವುದಿಲ್ಲ. ನನಗೂ ಅವಳ ಮೇಲೆ ಸಿಟ್ಟು ಕುದಿಯುತ್ತಿತ್ತು. ಆದರೂ ಆ ಬಗ್ಗಿದ ತಲೆ ನೋಡಿ, ಸುಳ್ಳೇ ಮೇಲು ಎನಿಸಿತು.

ಹೊರಗೆ ಬಂದು, "ರೋಗ ಅಲ್ರಿ. ಮೂಗಿನಾಗ ಕಸ ಸಿಕ್ಕೊಂಡಿತ್ತು, ತೆಗದೀನಿ. ಯಾರ ಕೋಳಿಗೂ ಅಂಟೂದಿಲ್ಲ," ಎಂದೆ.

ಎದುರು ಮನೆಯವನು ನನ್ನ ಮುಖವನ್ನೇ ನೋಡಿದ. "ಎರಡು ಕೋಳಿಗೂ ಒಂದಾ ಕಸ, ಒಂದಾ ಸಲ ಸಿಕ್ಕೊಂತಾ? ಮೇಡಂ, ಆಕಿ ಅಳೂದು ನೋಡಿ ನೀವು ಹಂಗ ಹೇಳಾಕ ಹತ್ತೀರಿ. ನಿಮ್ದೇನೂ ತಪ್ಪಲ್ಲ. ಆದ್ರ ನನ್ನ ಕೋಳಿ ಹೋದ್ರ ನೀವು ಬರೂದಿಲ್ಲ." ಅವನು ಹಾರೆಗೆ ಕೈ ಹಾಕಿದ. ಕೇಳಿದ್ದು ಸರಿಯಾದ ಪ್ರಶ್ನೆ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

"ಹಾರಿ ಇಡು," ಎಂದು ಹಿಂದಿನಿಂದ ದನಿ ಬಂತು. ಅತ್ತೆ ಬಾಗಿಲಿಗೆ ಬಂದಿದ್ದಳು. ಅಂಗೈ ಮೇಲೆ ಹತ್ತಿಯ ತುಂಡು, ಅದರ ಮೇಲೆ ಆ ಎರಡು ಗರಿಯ ತುಂಡುಗಳು. "ಗರಿ ಚುಚ್ಚಿದಾಕಿ ನಾನು. ಆಕಿ ಕೋಳಿಗೆ ರೋಗ ಇಲ್ಲ, ಏನೂ ಇಲ್ಲ."

ಅವನು ಗರಿಯನ್ನು ಬಗ್ಗಿ ನೋಡಿದ. ಅವನಿಗೆ ವಿವರಿಸುವ ಅಗತ್ಯ ಇರಲಿಲ್ಲ. "ಮರಿ ಮಾಡ್ಸಾಕ ಆಕಿ ಕುಂದರ್ಸಿದ್ರ, ನೀ ಯಾಕ ಎಬ್ಬಿಸ್ದಿ?" ಎಂದ.

ಅತ್ತೆ ಎಂದಿನಂತೆ ನನ್ನ ಕಡೆ ತಿರುಗಿದಳು. "ಹಡಗಲಿ ದವಾಖಾನ್ಯಾಗ ಹೇಳ್ಯಾರ್ರಿ, ಮೈಯಾಗ ರಕ್ತ ಇಲ್ಲ, ದಿನಾ ಒಂದು ತತ್ತಿ ತಿನ್ನು ಅಂತ. ಇದ್ದ ತತ್ತಿ ಎಲ್ಲಾ ಒಯ್ದು ಕೋಳಿ ಬುಡಕ್ಕ ಇಡ್ತಾಳ. ಕಾವಿಗೆ ಕುಂತ ಕೋಳಿ ಮತ್ತ ತತ್ತಿ ಇಡೂದಿಲ್ಲ. ಅವಾದ್ರೂ ಎದ್ದು ತತ್ತಿ ಇಡ್ಲಿ, ಈಕಿ ಬಾಯಿಗೆ ಒಂದು ಬೀಳ್ಲಿ ಅಂತ ಮಾಡಿದ್ನಿ. ಗರಿ ಕಂಡ್ರ ಕಿತ್ತು ಬಿಸಾಕ್ತಾಳಂತ ತುದಿ ಕತ್ತರಿಸಿದ್ನಿ. ಆಮ್ಯಾಲ ತೆಗ್ಯಾಕ ಬರ್ಲಿಲ್ಲ. ರೋಗ ಅಂತ ಓಣಿ ಎಲ್ಲಾ ಕೂಡಿದ ಮ್ಯಾಲ ಬಾಯಿ ಬರ್ಲಿಲ್ಲ."

ಮೊನ್ನೆ ಅವಳು ಎರಡೆರಡು ಸಲ ಕೇಳಿದ ಪ್ರಶ್ನೆ ನನಗೆ ಆಗ ಅರ್ಥವಾಯಿತು. ಯಾವ ಮೊಟ್ಟೆಗಾಗಿ ಇಷ್ಟೆಲ್ಲ ಮಾಡಿದ್ದಳೋ ಅದನ್ನೇ ತಿನ್ನಬಾರದೆಂದು ನಾನು ಹೇಳಿ ಹೋಗಿದ್ದೆ.

"ಬಾಯಿಬಿಟ್ಟು ಹೇಳಿದ್ರೆ ನಾನು ತಿಂತಿರ್ಲಿಲ್ವಾ?" ಎಂದಳು ಸೊಸೆ. ಅವಳು ಅತ್ತೆಗೆ ನೇರವಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ತಿಂತಿದ್ದಿಲ್ಲ," ಎಂದಳು ಅತ್ತೆ, ಅವಳೂ ನೇರವಾಗಿ. "ನನ್ನ ಮುಂದ ಹೂಂ ಅಂತಿದ್ದಿ. ಹಿಂದ ಹೋಗಿ ಕೋಳಿ ಬುಡಕ್ಕ ಇಡ್ತಿದ್ದಿ."

ಸೊಸೆ ಏನೋ ಹೇಳಲು ಬಾಯಿ ತೆರೆದಳು, ಹಾಗೇ ಮುಚ್ಚಿದಳು. ನನಗೆ ನಗು ತಡೆಯಲಾಗಲಿಲ್ಲ. ಹೊರಗೆ ನಿಂತ ಹೆಂಗಸರೂ ನಕ್ಕರು. ಆಮೇಲೆ ಸೊಸೆ ಅಳಲು ಶುರು ಮಾಡಿದಳು. ಅತ್ತೆ ಏನು ಮಾಡಬೇಕೆಂದು ತಿಳಿಯದೆ ಗರಿಯ ತುಂಡುಗಳನ್ನು ಹಿಡಿದುಕೊಂಡೇ ನಿಂತಿದ್ದಳು.

ನಾನು ಔಷಧದ ಲೆಕ್ಕ ಹೇಳಿದೆ. ಈ ಸಲ ಎರಡು ಕೋಳಿಗೆ ಮಾತ್ರ ಕೊಟ್ಟರೆ ಸಾಕು. ಆದರೆ ಹಿಂದಿನ ಔಷಧ ಎಲ್ಲದರ ಹೊಟ್ಟೆಗೂ ಹೋಗಿರುವುದರಿಂದ ಆ ಅಂಗಳದ ಮೊಟ್ಟೆಯನ್ನು ಇನ್ನೂ ಕೆಲವು ದಿನ ತಿನ್ನುವ ಹಾಗಿರಲಿಲ್ಲ. ಅದನ್ನು ಹೇಳುವಾಗ ಅತ್ತೆಯ ಮುಖ ನೋಡಲು ನನಗೆ ಕಷ್ಟವಾಯಿತು.

ಎದುರು ಮನೆಯವನು ಹಾರೆ ಹೆಗಲಿಗೆ ಹಾಕಿಕೊಂಡು ಮನೆಗೆ ಹೋದ. ಸಿಟ್ಟಾಗಿ ಹೋದ ಎಂದುಕೊಂಡೆ. ನಾನು ಕೈ ತೊಳೆದು ಡಬ್ಬಿ ಮುಚ್ಚುವ ಹೊತ್ತಿಗೆ ಟವೆಲಿನಲ್ಲಿ ಏನನ್ನೋ ಕಟ್ಟಿಕೊಂಡು ಹುಷಾರಾಗಿ ನಡೆಯುತ್ತಾ ವಾಪಸ್ಸು ಬಂದ. ಕಟ್ಟೆಯ ಮೇಲೆ ಇಟ್ಟು ಗಂಟು ಬಿಚ್ಚಿದ. ಆರು ಮೊಟ್ಟೆಗಳು.

"ಇವಕ್ಕ ಔಷಧ ಬಿದ್ದಿಲ್ಲ. ನಾಳೆ ಮತ್ತ ಕೊಡ್ತೀನಿ," ಎಂದು ಅತ್ತೆಗೆ ಹೇಳಿದ. ನಂತರ ಸೊಸೆಯ ಕಡೆ ಬೆರಳು ತೋರಿಸಿ, "ಕೋಳಿ ಬುಡಕ್ಕ ಹೋದ್ವು ಅಂದ್ರ ನೋಡು ಮತ್ತ," ಎಂದ.

ಅತ್ತೆ ಎರಡು ಮೊಟ್ಟೆ ತೆಗೆದುಕೊಂಡು ಒಳಗೆ ಹೋದಳು. ಒಲೆಯ ಹೊಗೆ ಬಾಗಿಲಿಗೆ ಬಂತು. ಬೇಯುವ ತನಕ ಯಾರೂ ಕದಲಲಿಲ್ಲ, ನಾನೂ ಹೊರಡಲಿಲ್ಲ. ಸುಲಿದ ಮೊಟ್ಟೆಗೆ ಉಪ್ಪು ಹಚ್ಚಿ ತಂದು ಸೊಸೆಯ ಕೈಗೆ ಕೊಟ್ಟಳು. ಅಷ್ಟು ಜನರ ಎದುರು ಸೊಸೆ ನಾಚಿಕೊಂಡು, ಕಣ್ಣೊರೆಸಿಕೊಂಡು, ಗೋಡೆಯ ಕಡೆ ತಿರುಗಿ ತಿನ್ನತೊಡಗಿದಳು. ಅತ್ತೆ ಗೋಡೆಯ ಪಕ್ಕಕ್ಕೆ ಬಂದು ನಿಂತು, ಅವಳು ಪೂರ್ತಿ ನುಂಗುವ ತನಕ ಅವಳ ಬಾಯನ್ನೇ ನೋಡುತ್ತಿದ್ದಳು. ಆಮೇಲೆ ಎರಡನೆಯದನ್ನು ಕೊಟ್ಟಳು.